ಒಂದೇ ಸಲ ಹೇಳಿದ ಮಾತು

ಸೋಫಾ ಬಾಗಿಲಿನಲ್ಲಿ ಸಿಕ್ಕಿಕೊಂಡಿತು. ಒಳಗಿನಿಂದ ಇಬ್ಬರು, ಹೊರಗಿನಿಂದ ಇಬ್ಬರು ಹಿಡಿದಿದ್ದರು. ದುಬೈಯ ಲೆಕ್ಕವಿಲ್ಲದಷ್ಟು ಬಾಗಿಲುಗಳಿಂದ ಲೆಕ್ಕವಿಲ್ಲದಷ್ಟು ಸೋಫಾಗಳನ್ನು ದಾಟಿಸಿದ ಕೈಗಳು ಅವು. ಆದರೂ ನಾಲ್ವರೂ ಅದನ್ನು ಎತ್ತಿ ಹಿಡಿದುಕೊಂಡೇ ಸುಮ್ಮನೆ ನಿಂತುಬಿಟ್ಟರು. ಇಂಥ ಹೊತ್ತಿನಲ್ಲಿ ಹಿಂದಿನಿಂದ ಒಂದು ದನಿ ಬಂದು, ಯಾವ ಕಡೆ ಎತ್ತಬೇಕು, ಯಾವ ಕಡೆ ಇಳಿಸಬೇಕು ಎಂದು ಹೇಳಬೇಕಿತ್ತು. ಆ ದನಿಯ ಯಜಮಾನ ಅಲಿಕುಂಞಿ ಹಿಂದಿನ ಸಂಜೆ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡಿದ್ದರು. ಈಗ ಅವರದೇ ಮನೆಯ ಹಾಲ್ ಖಾಲಿಯಾಗಬೇಕಿತ್ತು, ಬರುವ ಹೆಂಗಸರಿಗೆ ಚಾಪೆ ಹಾಸಲಿಕ್ಕೆ.

“ಅಡಿಯ ಕಾಲು ಬಿಚ್ಚಿ,” ಎಂದು ಒಳಕೋಣೆಯಿಂದ ಅವರ ಹೆಂಡತಿ ಜಮೀಲ ಹೇಳಿದರು. “ನಾಲ್ಕು ತಿರುಪು ಉಂಟು. ಒಳಗೆ ತರುವಾಗಲೂ ಹಾಗೇ ಮಾಡಿದ್ದು.”

ಅಲಿಕುಂಞಿಯವರ ತಂಗಿಯ ಮಗ ಹಾಶಿಮ್ ಮೊಣಕಾಲೂರಿ ತಿರುಪು ಬಿಚ್ಚಿದ. ಹತ್ತೊಂಬತ್ತು ವರ್ಷ ಮಾವನ ಲಾರಿ ಓಡಿಸಿದವನು, ನಲವತ್ತು ದಾಟಿದವನು. ತಿರುಪು ಬಿಚ್ಚುತ್ತ ಮೂಗೊರೆಸಿಕೊಳ್ಳುವುದು ಎಲ್ಲರಿಗೂ ಕಂಡಿತು, ಯಾರೂ ನೋಡಲಿಲ್ಲ. ಸೋಫಾ ಆಚೆ ಬಂತು.

ಸುಸನ್ ಪಾಯ್ಸ್ ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ದಾರಿ ಬಿಟ್ಟಳು. ಅಲ್ ಕುಸೈಸಿನ ಈ ಕಟ್ಟಡದ ಎರಡನೇ ಮಹಡಿಯಲ್ಲಿ ಅವಳು ಒಂಬತ್ತು ವರ್ಷ ಇದ್ದವಳು. ಈಗ ಅಲ್ಲಿ ಬೇರೆಯವರ ಚಪ್ಪಲಿಗಳು. ಮನೆಯ ಸಾಮಾನು ಕಂಟೈನರ್ ಹತ್ತಿ ಇಂಗ್ಲೆಂಡಿಗೆ ಹೋಗಿತ್ತು, ಗಂಡ ಫ್ಲಾಯ್ಡ್ ಅದನ್ನು ಇಳಿಸಿಕೊಳ್ಳಲು ಮುಂದಾಗಿಯೇ ಹೋಗಿದ್ದ. ಆಸ್ಪತ್ರೆಯ ಕೆಲಸದ ನೋಟಿಸ್ ಅವಧಿ ಮುಗಿಯುವವರೆಗೆ ಅವಳೂ ಮಗಳು ಆನ್ ಮರಿಯಾಳೂ ಮಿರ್ದಿಫ್‌ನಲ್ಲಿ ಭಾವ ಸೆಡ್ರಿಕ್‌ನ ಮನೆಯಲ್ಲಿ ಉಳಿದಿದ್ದರು. ಇವತ್ತು ರಾತ್ರಿ ಒಂಬತ್ತಕ್ಕೆ ವಿಮಾನ. ಐದೂವರೆಗೆ ಸೆಡ್ರಿಕ್ ಮಗಳನ್ನೂ ಸೂಟ್‌ಕೇಸುಗಳನ್ನೂ ಕಾರಿಗೆ ತುಂಬಿಕೊಂಡು ನೇರ ಇಲ್ಲಿಗೇ ಬರುತ್ತೇನೆ ಎಂದಿದ್ದ.

ಅಷ್ಟರೊಳಗೆ ಅವಳು ಜಮೀಲಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಹದಿನಾರು ವರ್ಷ ಹೃದಯದ ವಾರ್ಡಿನಲ್ಲೇ ದುಡಿದ ನರ್ಸು ಅವಳು. ಮೂವತ್ತೆಂಟು ದಿನಗಳ ಹಿಂದೆ, ತನ್ನ ಖಾಲಿಯಾಗುತ್ತಿದ್ದ ಮನೆಯಲ್ಲಿ, ಈ ಮನುಷ್ಯನಿಗೆ ಆಗಬಾರದ್ದು ಆಗತೊಡಗಿದ್ದನ್ನು ಕಣ್ಣಾರೆ ಕಂಡಿದ್ದಳು. ಕಂಡು, ಇದು ಇಂಥದ್ದೇ ಎಂದು ತಿಳಿದು, ಒಂದೇ ಸಲ ಹೇಳಿ ಸುಮ್ಮನಾಗಿದ್ದಳು. ಆ ಮಾತನ್ನು ನುಂಗಿಕೊಂಡು ವಿಮಾನ ಹತ್ತಿದರೆ ತಾನು ಇನ್ನು ಯಾವ ರೋಗಿಯ ಕೈಯನ್ನೂ ಹಿಡಿಯಲಾರೆ ಎಂದು ಅವಳಿಗೆ ಅನಿಸಿತ್ತು.

*

ಅಲಿಕುಂಞಿಯವರನ್ನು ಎಲ್ಲರೂ ಕುಂಞಾಕ ಎನ್ನುತ್ತಿದ್ದರು. ಮನೆ ಸಾಗಿಸುವವರಿಗೆ ಗಲ್ಫಿನಲ್ಲಿ ಬರಗಾಲವಿಲ್ಲ. ಒಂದು ಪಿಕಪ್, ಎರಡು ಹಗ್ಗ, ಬಸ್‌ಸ್ಟಾಪಿಗೆ ಅಂಟಿಸಿದ ಒಂದು ಚೀಟಿ ಇದ್ದರೆ ಕಂಪನಿಯಾಯಿತು. ಕುಂಞಾಕ ಮಾತ್ರ ಕೆಲಸ ಒಪ್ಪಿಕೊಳ್ಳುವ ಮುಂಚೆ ಎರಡೂ ಮನೆ ನೋಡಬೇಕು ಎನ್ನುವವರು, ಬಿಡುವ ಮನೆ ಮತ್ತು ಸೇರುವ ಮನೆ. ಸೇರುವ ಮನೆ ಯಾರ್ಕ್ ಎಂಬ ಊರಿನಲ್ಲಿದೆ, ಇಂಗ್ಲೆಂಡಿನಲ್ಲಿ, ಎಂದಾಗಲೂ ಅವರು ಪಟ್ಟು ಬಿಡಲಿಲ್ಲ.

“ಮನೆ ಎದುರು ರೋಡ್ ಹೇಗುಂಟು?”

ಯಾರಿಗೂ ಗೊತ್ತಿರಲಿಲ್ಲ. ಫ್ಲಾಯ್ಡ್ ಇಂಟರ್ನೆಟ್ಟಿನಲ್ಲಿ ನೋಡಿ ಬಾಡಿಗೆಗೆ ಹಿಡಿದ ಮನೆ ಅದು. ಊರ ಸುತ್ತ ಹಳೇ ಕಾಲದ ಕೋಟೆಗೋಡೆ, ಮನೆ ಗೋಡೆಯ ಒಳಗೆ, ಕಿಟಕಿ ತೆರೆದರೆ ಇಗರ್ಜಿ ಕಾಣುತ್ತದೆ ಎಂದು ಅವನು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆನ್ ಮರಿಯಾ ಫೋನಿನಲ್ಲಿ ಆ ಬೀದಿಯ ಚಿತ್ರ ತೆಗೆದು ತೋರಿಸಿದಳು. ಕುಂಞಾಕ ಕನ್ನಡಕ ಏರಿಸಿ, ಗಾಜಿನ ಮೇಲೆ ಬೆರಳಿಟ್ಟು, ಕಲ್ಲು ಹಾಸಿದ ಓಣಿಯಲ್ಲಿ ಸುತ್ತಿ ಸುಳಿದು, ಒಂದು ಕಮಾನಿನ ಬುಡದಲ್ಲಿ ನಿಂತರು.

“ಇದರೊಳಗೆ ನನ್ನ ಪಿಕಪ್ಪೇ ಹೋಗುದಿಲ್ಲ, ಕಂಟೈನರ್ ಎಲ್ಲಿಂದ ಹೋಗುದು? ಹೊರಗೆ ಇಳಿಸಿ ಸಣ್ಣ ಗಾಡಿಯಲ್ಲಿ ಒಯ್ಯಬೇಕು. ಎತ್ತುವವ ಮಾತ್ರ ಇದ್ರೆ ಸಾಕಾಗುದಿಲ್ಲ ಸಿಸ್ಟರ್, ಇಳಿಸುವವನೂ ಬೇಕು. ಆ ಊರಿನವನೇ ಆಗಬೇಕು.”

ಆನ್ ಮರಿಯಾ ಯಾರ್ಕಿನ ಒಂಬತ್ತು ಕಂಪನಿಗಳ ಪಟ್ಟಿ ಮಾಡಿ, ಯಾವುದಕ್ಕೆ ಎಷ್ಟು ಸ್ಟಾರ್ ಎಂದು ಓದಿ ಹೇಳಿದಳು. ಸ್ಟಾರು ಪೆಟ್ಟಿಗೆ ಹೊರುತ್ತದಾ ಎಂದು ಕೇಳಿ ಕುಂಞಾಕ ಅವಳ ಬಾಯಿ ಮುಚ್ಚಿಸಿದರು. ಮೂರು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನೇರ ಸುಸನ್‌ಳ ಊಟದ ಮೇಜಿಗೆ ಬಂದು ಕೂತು, ಒಂದೊಂದಾಗಿ ಎಲ್ಲರಿಗೂ ಫೋನು ಹಚ್ಚಿದರು. ಅವರ ಇಂಗ್ಲಿಷ್ ನಲವತ್ತು ವರ್ಷದ ದುಬೈ ಇಂಗ್ಲಿಷ್. ಎಲ್ಲರಿಗೂ ಒಂದೇ ಪ್ರಶ್ನೆ, ಆ ಮನೆಯ ಮೆಟ್ಟಿಲಿಗೆ ಎಷ್ಟು ತಿರುವು? ಒಬ್ಬಳು ವೆಬ್‌ಸೈಟಿನಲ್ಲಿ ಫಾರಂ ತುಂಬಿ ಎಂದಳು. ಒಬ್ಬ ತಮ್ಮ ಕಂಪನಿಗೆ ನೂರಹತ್ತು ವರ್ಷ ಎಂದ. ಅದರಲ್ಲಿ ನೀನು ಹೊತ್ತದ್ದು ಎಷ್ಟು ವರ್ಷ ಎಂದು ಕುಂಞಾಕ ಕೇಳಿದ್ದಕ್ಕೆ ಫೋನು ಇಟ್ಟ. ಆನ್ ಮರಿಯಾ ನಗು ತಡೆಯಲಾರದೆ ಬಚ್ಚಲಿಗೆ ಓಡಿದಳು.

ಏಳನೆಯ ನಂಬರಿನಲ್ಲಿ ಒಬ್ಬ ವಯಸ್ಸಾದವ ತಾನೇ ಎತ್ತಿಕೊಂಡ. ಓಣಿಯ ಹೆಸರು ಕೇಳಿದ್ದೇ ಅವನು ಮೆಟ್ಟಿಲಿನ ವಿಷಯ ತಾನಾಗಿ ತೆಗೆದ. ಮೂರು ತಿರುವು, ನಡುವಿನದು ಕೆಟ್ಟದ್ದು, ದೊಡ್ಡ ಮರದ ಸಾಮಾನಾದರೆ ಕಿಟಕಿಯಿಂದ ಹಗ್ಗ ಹಾಕಿಯೇ ಎತ್ತಬೇಕು ಎಂದ. ಕುಂಞಾಕ ಫೋನಿಗೆ ಕೈ ಅಡ್ಡ ಹಿಡಿದು ಸುಸನ್ ಕಡೆ ತಿರುಗಿದರು.

“ಇವ ಹೊತ್ತಿದ್ದಾನೆ,” ಎಂದರು.

ಆಮೇಲೆ ಅರ್ಧ ಗಂಟೆ ಇಬ್ಬರೂ ಹಗ್ಗದ ಗಂಟು, ಮೊಣಕಾಲು ನೋವು ಎಂದು ಮಾತಾಡಿಕೊಂಡರು. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಉಳಿದರ್ಧ ಮೊಣಕಾಲಿನಿಂದಲೇ ತಿಳಿಯುತ್ತಿತ್ತು. ಕೊನೆಯ ಪೆಟ್ಟಿಗೆ ಇಳಿಸಿದ ಮೇಲೆ ತನಗೊಂದು ಫೋನು ಮಾಡಬೇಕೆಂದು ಕುಂಞಾಕ ಅವನಿಂದ ಮಾತು ತೆಗೆದುಕೊಂಡರು. ಅಂದಿನಿಂದ ಅವನು ಯಾರ್ಕಿನ ಕಾಕ ಆದ.

*

ಚಾಪೆಗಳು ತುಂಬಿದವು. ಅಗರಬತ್ತಿಯ ಹೊಗೆಯಲ್ಲಿ ಕುರಾನಿನ ಯಾಸೀನ್ ಓದುವ ಮೆಲುದನಿ, ನಡುನಡುವೆ ಅವರಿವರ ಮಾತು. ಉಚ್ಚಿಲದಿಂದ ಎಂಬತ್ನಾಲ್ಕರಲ್ಲಿ ಬಂದು ಗೋದಾಮಿನಲ್ಲಿ ಮೂಟೆ ಹೊತ್ತದ್ದು, ತೊಂಬತ್ತೈದರಲ್ಲಿ ಮೊದಲ ಪಿಕಪ್ ತೆಗೆದುಕೊಂಡದ್ದು, ಮಕ್ಕಳಿಲ್ಲದ್ದು, ತಂಗಿಯ ಮಗನನ್ನು ಕರೆಸಿಕೊಂಡದ್ದು: ಒಂದು ಬದುಕು ಹೆಂಗಸರ ಬಾಯಲ್ಲಿ ಕಾಲು ಗಂಟೆಯಲ್ಲಿ ಮುಗಿಯಿತು. ನಾಲ್ಕನೇ ಮಹಡಿಯ ಲೀಲಮ್ಮ ಸುಸನ್‌ಳ ಪಕ್ಕದಲ್ಲಿ ಕೂತು, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

“ನಮ್ಮನೆ ಸಾಮಾನು ಮೂರು ಸಲ ಕಟ್ಟಿದ್ದಾರೆ ಅವರು. ಎರಡನೇ ಸಲ ನಾನು ಇವರನ್ನ ಬಿಟ್ಟು ಹೋಗ್ಲಿಕ್ಕೆ ಹೊರಟದ್ದು ಅಂತ ಅವರಿಗೆ ಗೊತ್ತಾಯ್ತು. ಎಂತ, ಏನು ಅಂತ ಕೇಳ್ಲಿಲ್ಲ. ನನ್ನ ಪೆಟ್ಟಿಗೆಗಳನ್ನ ಬೇರೆಯೇ ಕಟ್ಟಿ ಬಾಗಿಲ ಹತ್ರ ಇಟ್ರು, ಬೇಗ ಸಿಗುವ ಹಾಗೆ. ತಿಂಗಳು ಬಿಟ್ಟು ವಾಪಸ್ ತಂದು ಇಟ್ಟವರೂ ಅವರೇ. ಆಗಲೂ ಕೇಳ್ಲಿಲ್ಲ.”

ಮನೆ ಖಾಲಿ ಮಾಡುವಾಗ ಮನುಷ್ಯರ ಗುಟ್ಟೆಲ್ಲ ಮಂಚದ ಅಡಿಯಿಂದ ಹೊರಬರುತ್ತದೆ. ಇಷ್ಟು ವರ್ಷ ಇಷ್ಟು ಮಂಚ ಎತ್ತಿದವರು ಒಂದೂ ಮಾತು ಎತ್ತದೆ ಹೋಗಿದ್ದರು. ತನ್ನ ಗುಟ್ಟನ್ನೂ ಆ ಮನುಷ್ಯ ತೆಗೆದುಕೊಂಡೇ ಹೋಗಿದ್ದಾನೆ, ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಸುಸನ್‌ಗೆ ಬಂತು. ಹಾಗೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

*

ಕಂಟೈನರ್ ಹೊರಟ ಆ ದಿನ ಲಿಫ್ಟ್ ಕೆಟ್ಟಿತ್ತು. ಪಾಯ್ಸ್ ಮನೆಯವರ ಬೀಟೆ ಮರದ ಆಲ್ತಾರ್ ಒಂದು ಉಳಿದಿತ್ತು. ಸುಸನ್‌ಳ ತಾಯಿಯ ಕಾಲದ್ದು, ಶಿಲುಬೆಯನ್ನೂ ಸಂತರನ್ನೂ ಇಡುವ ಕೆತ್ತನೆಯ ಪೀಠ. ದೇವರ ಸಾಮಾನು ಎಂದು ಕುಂಞಾಕ ಕೈಕಾಲು ಮುಖ ತೊಳೆದು ಬಂದರು. ಒಂದು ತುದಿ ಹಾಶಿಮ್‌ಗೆ ಕೊಟ್ಟು ಭಾರದ ತುದಿಯನ್ನು ತಾವೇ ಹಿಡಿದರು. ಅರವತ್ತೆರಡು ವರ್ಷ, ಎರಡು ಮಹಡಿ.

ಅದನ್ನು ಕೆಳಗಿಳಿಸಿ ಮೇಲೆ ಬಂದವರೇ ಒಂದು ಪೆಟ್ಟಿಗೆಯ ಮೇಲೆ ಕೂತರು. ಎ.ಸಿ. ಓಡುತ್ತಿದ್ದರೂ ಹಣೆಯಲ್ಲಿ ಬೆವರು. ಎಡ ದವಡೆಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತ, ಹಲ್ಲು ನೋವು, ಎಂದರು. ಸುಸನ್ ಅವರ ಮುಖದ ಬಣ್ಣ ನೋಡಿದಳು. ಇಂಥ ಹಲ್ಲು ನೋವುಗಳನ್ನು ಅವಳು ವಾರಕ್ಕೆ ಎರಡರಂತೆ ಕಂಡಿದ್ದವಳು.

“ಕುಂಞಾಕ, ಇದು ಹಲ್ಲು ನೋವಲ್ಲ. ಈಗಲೇ ನನ್ನೊಟ್ಟಿಗೆ ಬನ್ನಿ. ಇಸಿಜಿ ತೆಗೆಸುವ.”

ಅವರು ವಾಚು ನೋಡಿಕೊಂಡರು. “ನಾಲ್ಕು ಗಂಟೆಗೆ ಪೋರ್ಟಿನ ಗೇಟ್. ತಪ್ಪಿದ್ರೆ ಮುಂದಿನ ಹಡಗು ಹತ್ತು ದಿನ ಬಿಟ್ಟು. ಕಂಟೈನರ್ ಹೋಗ್ಲಿ ಸಿಸ್ಟರ್, ಖಲಾಸ್, ನಾಳೆ ನಾನೇ ಬರ್ತೇನೆ.”

ಆ ಕ್ಷಣದಲ್ಲಿ ಸುಸನ್‌ಗೆ ಆದದ್ದು ಸಮಾಧಾನ. ಅದನ್ನು ಅವಳು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ ಬೇರೆ ಹೆಸರು ಸಿಗಲಿಲ್ಲ. ಕೀಲಿ ಆ ಸಂಜೆಯೇ ಮಾಲೀಕರಿಗೆ ಕೊಡಬೇಕಿತ್ತು, ಮರುದಿನ ಫ್ಲಾಯ್ಡ್ ಹೊರಡಬೇಕಿತ್ತು, ಅವರು ಎದ್ದು ಹೋದರೆ ಕೆಲಸ ನಿಲ್ಲುತ್ತಿತ್ತು. ನಾಳೆ ಖಂಡಿತ ಬನ್ನಿ ಎಂದಳು. ಅವರು ನೀರು ಕುಡಿದು ಎದ್ದರು. ಕಂಟೈನರ್ ಮೂರೂಮುಕ್ಕಾಲಕ್ಕೆ ಗೇಟು ಸೇರಿತು.

ಮರುದಿನ ಅವರು ಬರಲಿಲ್ಲ. ಅವಳೂ ಕೇಳಲಿಲ್ಲ. ಆಮೇಲೆ ಎರಡು ಸಲ ಅವರೇ ಫೋನು ಮಾಡಿ, ಹಡಗು ಎಲ್ಲಿಯವರೆಗೆ ಬಂತು, ಯಾರ್ಕಿನ ಕಾಕ ಯಾವ ದಿನ ಗಾಡಿ ತರುತ್ತಾನೆ ಎಂದೆಲ್ಲ ತಿಳಿಸಿದ್ದರು. ಅವಳು ಥ್ಯಾಂಕ್ಸ್ ಹೇಳಿ ಇಟ್ಟಿದ್ದಳು.

*

ಒಂದೂವರೆಗೆ, ಶುಕ್ರವಾರದ ನಮಾಜು ಮುಗಿಸಿ ಗಂಡಸರು ಕಾರಿಡಾರಿನಲ್ಲಿ ಸೇರಿದರು. ಆಸ್ಪತ್ರೆಯಿಂದ ಮಯ್ಯತ್ತನ್ನು ನೇರ ಖಬರಸ್ತಾನಕ್ಕೆ ಒಯ್ಯುವುದು, ಅಲ್ಲೇ ಮೀಯಿಸಿ ಕಫನ್ ಬಟ್ಟೆ ಹೊದಿಸುವುದು, ಅಸರ್ ಆದ ಮೇಲೆ ದಫನ್. ಹೊರಡುವ ಮುಂಚೆ ಹಾಶಿಮ್ ಗಂಡಸರ ಎದುರು ನಿಂತು, ತನ್ನ ಮಾವನಿಂದ ಯಾರಿಗಾದರೂ ತಪ್ಪಾಗಿದ್ದರೆ, ಮನಸ್ಸಿಗೆ ನೋವಾಗಿದ್ದರೆ, ಅಲ್ಲಾಹನಿಗಾಗಿ ಮಾಫ್ ಮಾಡಿಬಿಡಿ ಎಂದು ಕೇಳಿಕೊಂಡ. ಮಣ್ಣಿಗಿಡುವ ಮುಂಚೆ ಸತ್ತವರ ಪರವಾಗಿ ಹೀಗೆ ಕೇಳುವುದು ಪದ್ಧತಿ. ಮಾಫ್ ಮಾಡಿದ್ದೇವೆ ಎಂಬ ಗುಜುಗುಜು ಒಳಗೂ ಕೇಳಿಸಿತು.

ಹೆಂಗಸರ ನಡುವೆ ಆ ಕೆಲಸ ಜಮೀಲರದು. ಅವರು ಒಟ್ಟಿಗೆ ಕೇಳಲಿಲ್ಲ. ಚಾಪೆಯ ಮೇಲೆ ಒಬ್ಬೊಬ್ಬರ ಎದುರಿಗೂ ಕೂತು, ಕೈ ಹಿಡಿದು, ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಲೀಲಮ್ಮ ತಲೆಯಾಡಿಸಿದರು. ಆಮೇಲೆ ಜಮೀಲ ಸುಸನ್‌ಳ ಎದುರಿಗೆ ಬಂದರು.

“ಸುಸನ್, ಅವರಿಂದ ನಿನಗೆ ಎಂತಾದ್ರೂ ಬೇಜಾರಾಗಿದ್ರೆ ಮಾಫ್ ಮಾಡಿ ಬಿಡು.”

ಹೇಳಬೇಕಾದದ್ದು ಎರಡೇ ಮಾತು. ಅಷ್ಟು ಹೊತ್ತು ಎಲ್ಲರೂ ಹೇಳಿದ್ದೂ ಅದನ್ನೇ.

“ಅವರ ತಪ್ಪು ಎಂತದೂ ಇಲ್ಲ ಜಮೀಲಕ್ಕ. ತಪ್ಪು ನನ್ನದು.”

ಹೇಳಿದಳು. ಬೆವರು, ದವಡೆ, ಆಲ್ತಾರ್, ನಾಲ್ಕು ಗಂಟೆಯ ಗೇಟು, ಎಲ್ಲ. ತನಗಾದ ಸಮಾಧಾನವನ್ನೂ ಬಿಡಲಿಲ್ಲ. ಪಕ್ಕದವರು ಓದುವುದನ್ನು ನಿಲ್ಲಿಸಿದ್ದು ಅವಳಿಗೆ ಗೊತ್ತಾಯಿತು.

“ಅವತ್ತೇ ಹೋಗಿದ್ರೆ?” ಎಂದು ಜಮೀಲ ಕೇಳಿದರು.

ವಾರ್ಡಿನ ಬಾಗಿಲಲ್ಲಿ ಈ ಪ್ರಶ್ನೆಯನ್ನು ಸುಸನ್‌ಗೆ ನೂರಾರು ಹೆಂಡತಿಯರು ಕೇಳಿದ್ದರು. ಯಾರ ಕೈಯಲ್ಲೂ ಇರಲಿಲ್ಲ ಅಮ್ಮಾ, ದೇವರ ಇಚ್ಛೆ, ಎನ್ನುವ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಇವತ್ತು ಅದು ಬರಲಿಲ್ಲ.

“ಬದುಕ್ತಿದ್ರು ಅಂತಲೇ ಕಾಣ್ತದೆ.”

ಜಮೀಲ ಕೈ ಬಿಟ್ಟರು. ಚಾಪೆಯ ಎಳೆಯೊಂದನ್ನು ಉಗುರಿನಿಂದ ಕೆದಕಿದರು.

“ಮನೆಗೆ ಬಂದು ಹಲ್ಲು ನೋವು ಅಂದ್ರು. ನಾನು ಲವಂಗ ಕೊಟ್ಟೆ.” ಆಮೇಲೆ ಹೇಳಿದರು, “ಅವರ ಪರವಾಗಿ ಕೇಳ್ಲಿಕ್ಕೆ ನನಗೆ ಆಗ್ತದೆ. ಅವರ ಪರವಾಗಿ ಕೊಡ್ಲಿಕ್ಕೆ ಆಗ್ತದಾ ಇಲ್ವಾ, ಗೊತ್ತಿಲ್ಲ ನನಗೆ.”

ಎದ್ದು ಮುಂದಿನವರ ಹತ್ತಿರ ಹೋಗಿ ಕೂತರು. ಅದೇ ಮಾತು, ಅದೇ ದನಿ.

ಗಂಡಸರು ಹೋದರು. ಅಸರ್ ಆಯಿತು, ದಫನ್ ಆಯಿತು ಎಂದು ಹಾಶಿಮ್‌ನ ಫೋನು ಬಂತು. ಹೆಂಗಸರು ಒಬ್ಬೊಬ್ಬರೇ ಎದ್ದರು. ಸುಸನ್‌ಳನ್ನು ಯಾರೂ ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವಳು ಅಡುಗೆಮನೆಗೆ ಹೋಗಿ ರಾಶಿ ಬಿದ್ದಿದ್ದ ಚಹಾದ ಲೋಟಗಳನ್ನು ತೊಳೆದಳು. ತೊಳೆದವನ್ನೇ ಇನ್ನೊಮ್ಮೆ ತೊಳೆದಳು.

ಐದು ಗಂಟೆಯ ಸುಮಾರಿಗೆ ಕುಂಞಾಕನ ಫೋನು ರಿಂಗಾಯಿತು. ಜಮೀಲ ಕಿವಿಗಿಟ್ಟು, ಒಂದು ಗಳಿಗೆ ಕೇಳಿ, ಅಡುಗೆಮನೆಯ ಬಾಗಿಲಿಗೆ ಬಂದು ಅದನ್ನು ಸುಸನ್ ಕಡೆ ಚಾಚಿದರು. “ಇಂಗ್ಲಿಷ್,” ಎಂದರು.

ಯಾರ್ಕಿನ ಕಾಕ. ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಅಲಿ ಇದ್ದಾನೆಯೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ವರದಿ ಒಪ್ಪಿಸಿದ. ಕೊನೆಯ ಪೆಟ್ಟಿಗೆ ಈಗಷ್ಟೇ ಇಳಿಸಿದ್ದಾಯಿತು. ಪೆಟ್ಟಿಗೆಗಳ ಮೇಲೆ ಅಲಿ ಬರೆದದ್ದು ಓದಲು ಬರಲಿಲ್ಲ, ಆದರೆ ಒಂದೇ ಥರದ ಅಕ್ಷರ ಇದ್ದವನ್ನೆಲ್ಲ ಒಂದೇ ಕೋಣೆಯಲ್ಲಿಟ್ಟ, ಬಿಚ್ಚಿ ನೋಡಿದರೆ ಸರಿಯಾಗಿತ್ತು. ಆ ಕೆತ್ತನೆಯ ಮರದ ಪೀಠ ಕಿಟಕಿಯಿಂದ ಒಳಗೆ ಹೋಯಿತು, ಒಂದು ಗೀರೂ ಇಲ್ಲ, ಅಲಿಗೆ ಅದನ್ನು ಮುಖ್ಯವಾಗಿ ಹೇಳಬೇಕು.

ಅಲಿ ನಿನ್ನೆ ಎದೆನೋವಿನಿಂದ ತೀರಿಕೊಂಡರೆಂದು ಸುಸನ್ ಹೇಳಿದಳು. ಆ ಕಡೆ ಯಾರೋ ಹಗ್ಗ ಸುತ್ತುವ ಸದ್ದು ಕೇಳಿಸಿತು. ಆಮೇಲೆ ಅವನು, ಮೊಣಕಾಲಿನ ಬಗ್ಗೆ ಅಷ್ಟೆಲ್ಲ ಹೇಳಿದ, ಎದೆಯ ಬಗ್ಗೆ ಒಂದು ಮಾತೂ ಹೇಳಲಿಲ್ಲವಲ್ಲ, ಎಂದ.

ಜಮೀಲ ಅಲ್ಲೇ ನಿಂತಿದ್ದರು. ಸುಸನ್ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು.

“ಅವನ ಹತ್ರಾನೂ ಕೇಳು,” ಎಂದರು ಜಮೀಲ.

ಸುಸನ್ ಇಂಗ್ಲಿಷಿನಲ್ಲಿ ಕೇಳಿದಳು. ಅಲಿಯಿಂದ ನಿಮಗೆ ಏನಾದರೂ ತಪ್ಪಾಗಿದ್ದರೆ ದಯವಿಟ್ಟು ಕ್ಷಮಿಸಬೇಕು. ಅವನಿಗೆ ಅರ್ಥವಾಗದೆ ಇನ್ನೊಮ್ಮೆ ಹೇಳಿಸಿಕೊಂಡ. ಏನೂ ಇಲ್ಲ, ಏನೇನೂ ಇಲ್ಲ, ಅವನ ಹೆಂಡತಿಗೆ ಹಾಗೆಂದು ಹೇಳಿ, ಎಂದ.

ಕೆಳಗೆ ಸೆಡ್ರಿಕ್‌ನ ಕಾರಿನ ಹಾರ್ನ್ ಆಯಿತು.

ಸುಸನ್ ಹೊಸ್ತಿಲಾಚೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. ಜಮೀಲ ಹೊಸ್ತಿಲ ಒಳಗೇ ನಿಂತರು. ಗಂಡ ಸತ್ತವಳ ಇದ್ದತ್ ಶುರುವಾಗಿತ್ತು, ನಾಲ್ಕು ತಿಂಗಳು ಹತ್ತು ದಿನ ಅವರು ಅದನ್ನು ದಾಟುವ ಹಾಗಿರಲಿಲ್ಲ. ಜಮೀಲ ಬಲಗೈ ಮುಂದೆ ಚಾಚಿದರು. ಬೀಳ್ಕೊಡಲು ಎಂದುಕೊಂಡು ಸುಸನ್ ತನ್ನ ಕೈ ಕೊಡಹೋದಳು. ಜಮೀಲ ಅಂಗಿಯ ತೋಳು ಮೇಲಕ್ಕೆ ಸರಿಸಿ ಮಣಿಕಟ್ಟು ತೋರಿಸಿದರು.

“ನೋಡು,” ಎಂದರು. “ಎರಡು ತಿಂಗಳಾಯ್ತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗ್ತದೆ. ಅವರಿಗೂ ಹೇಳ್ಲಿಲ್ಲ ನಾನು.”

ಸುಸನ್ ಎರಡು ಬೆರಳಿಟ್ಟಳು. ನಾಡಿ ಹೊಡೆದುಕೊಂಡು, ತಪ್ಪಿ, ಮತ್ತೆ ಓಡುತ್ತಿತ್ತು. ಅವಳು ಇನ್ನೊಂದು ಕೈಯಿಂದ ಪರ್ಸಿನ ಫೋನು ತೆಗೆದು, ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದ ಇಂದ್ರಾಣಿಗೆ ಒಂದು ಹಾಸಿಗೆ ಹಿಡಿದಿಡಲು ಹೇಳಿದಳು.

“ಈಗಲೇ ಹೋಗುವ ಜಮೀಲಕ್ಕ.”

“ಇದ್ದತ್ ಮುಗೀಲಿ. ಆಮೇಲೆ ನಾನೇ ಹೋಗ್ತೇನೆ.”

“ಇಲ್ಲ. ಈಗಲೇ.”

ಮತ್ತೆ ಹಾರ್ನ್. ಮೆಟ್ಟಿಲಲ್ಲಿ ಕಾಲಸಪ್ಪಳ ಕೇಳಿ, ಖಬರಸ್ತಾನದಿಂದ ಬಂದ ಹಾಶಿಮ್ ಮತ್ತು ಆಳುಗಳು ಕಾಣಿಸಿಕೊಂಡರು, ಪ್ಯಾಂಟಿನ ಅಂಚಿಗೆಲ್ಲ ಮರಳು. ಅವರ ಹಿಂದೆಯೇ ಆನ್ ಮರಿಯಾ ಏದುಸಿರು ಬಿಡುತ್ತ ಹತ್ತಿ ಬಂದು, “ಮಮ್ಮಾ, ವಿ ವಿಲ್ ಮಿಸ್ ದ ಫ್ಲೈಟ್,” ಎಂದಳು. ಸುಸನ್ ಹಾಶಿಮ್‌ಗೆ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ಆಸ್ಪತ್ರೆಗಾದರೆ ಇದ್ದತ್ ಅಡ್ಡ ಬರುವುದಿಲ್ಲ ಎಂದು ಹಾಶಿಮ್ ಹೇಳಿದ. ಜಮೀಲ ಆಗಲೂ ಅಲ್ಲಾಡಲಿಲ್ಲ. ಸುಸನ್ ಹೊಸ್ತಿಲ ಮೇಲೆ ನಿಂತು, ಹಿಡಿದ ಕೈ ಬಿಡದೆ, ಅದೇ ಮಾತನ್ನು ಮೂರನೇ ಸಲ ಹೇಳಿದಳು.

ಕೆಳಗೆ ಸೆಡ್ರಿಕ್‌ನ ಕಾರಿನ ಹಿಂದಿನ ಸೀಟಿನ ತುಂಬ ಸೂಟ್‌ಕೇಸುಗಳಿದ್ದವು. ಆಳುಗಳು ಯಾರ ಮಾತಿಗೂ ಕಾಯದೆ ಅವನ್ನು ಒಂದೊಂದಾಗಿ ಇಳಿಸಿ ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸಿದರು. ತೆರವಾದ ಜಾಗದಲ್ಲಿ ಜಮೀಲ ಕೂತರು, ಪಕ್ಕದಲ್ಲಿ ಸುಸನ್, ಬೆರಳು ಇನ್ನೂ ಆ ಮಣಿಕಟ್ಟಿನ ಮೇಲೆ.